ಮೂರನೇ ಹೆರಿಗೆಗೆ ನಾನು ಬರೆದ ವೇಳಾಪಟ್ಟಿ

ಮೊದಲ ಹೆರಿಗೆ ತವರಿನವರದು, ಎರಡನೆಯದು ಯಾರಿಗೆ ಅನುಕೂಲವೋ ಅವರದು, ಮೂರನೆಯದು ಹೆರುವವಳದು. ನಮ್ಮ ಕಡೆ ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಹಿರಿಮಗಳು ಹೊಟ್ಟೆಯಲ್ಲಿದ್ದಾಗ ನನ್ನನ್ನು ತೆಲಸಂಗದ ತವರಿಗೆ ಕರೆದೊಯ್ಯಲು ಎರಡು ಗಾಡಿ ತುಂಬ ಜನ ಬಂದಿದ್ದರು. ಸೀಮಂತದ ಕುಬಸವಾಯಿತು, ಕೈತುಂಬ ಹಸಿರು ಬಳೆಯಾಯಿತು, ಗಂಡನ ಮನೆಯಲ್ಲೂ ನಾನು ಒಂದು ಕೊಡ ಎತ್ತಿಟ್ಟರೆ ನಾಲ್ಕು ಜನ ಅಯ್ಯಯ್ಯ ಎಂದು ಓಡಿ ಬರುತ್ತಿದ್ದರು. ಮೂರನೆಯ ಸಲ ಎಂಟು ತಿಂಗಳ ಹೊಟ್ಟೆ ಹೊತ್ತು ನಾನು ಎಮ್ಮೆಗೆ ಮೇವು ಹಾಕುತ್ತಿದ್ದಾಗ ಅದೇ ಜನ ಕಟ್ಟೆಯ ಮೇಲೆ ಕೂತು, “ನಿನಗೇನವಾ, ರೂಢಿ ಆಗೇತಿ” ಎಂದರು.

ರೂಢಿ ಆಗಿತ್ತು, ನಿಜ. ಹೊಟ್ಟೆಯಲ್ಲಿದ್ದ ಕೂಸಿನ ಬಗ್ಗೆ ನನಗೆ ಅಂಥ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಹೊಟ್ಟೆಯಿಂದ ಎಂದೋ ಹೊರಗೆ ಬಂದು ಅಂಗಳದಲ್ಲಿ ಓಡಾಡುತ್ತಿದ್ದ ಎರಡು ಹೆಣ್ಣುಮಕ್ಕಳದು. ಹಿರಿಯಳಿಗೆ ಎಂಟು, ಮೂರನೇ ಇಯತ್ತೆ. ಕಿರಿಯಳಿಗೆ ನಾಲ್ಕು, ಅಂಗನವಾಡಿ. ನನ್ನದು ಮೂರನೇ ಸಿಜೇರಿಯನ್. ಹೊಳೆಯಾಚೆ ಅಥಣಿಯ ಆಸ್ಪತ್ರೆಯಲ್ಲಿ ಐದು ದಿನ ಇರಲೇಬೇಕು ಎಂದು ಡಾಕ್ಟರಮ್ಮ ಹೇಳಿದ್ದಳು. ನಮ್ಮದು ಕುಡಚಿಯಿಂದ ಒಳಗೆ, ಕಬ್ಬಿನ ನಡುವಿನ ತೋಟದ ಮನೆ. ಹಿಂದೆ ಗೋಡೆಯಿಲ್ಲದ ಬಾವಿ. ಮುಂದೆ ದಾರಿ; ಆ ದಾರಿಯಲ್ಲಿ ಹಂಗಾಮಿನ ತುಂಬ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳು. ಐದು ದಿನ ಈ ಎರಡರ ನಡುವೆ ನನ್ನ ಮಕ್ಕಳನ್ನು ಯಾರು ಕಾಯುತ್ತಾರೆ?

ಕೇಳಿದರೆ ಎಲ್ಲರದೂ ಒಂದೇ ಉತ್ತರ. “ಅದೇನ ದೊಡ್ಡ ಮಾತ? ನಾವಿಲ್ಲೇನ?”

ಈ “ನಾವಿಲ್ಲೇನ” ಎಂಬ ಮಾತನ್ನು ನಾನು ಹತ್ತು ವರ್ಷದಿಂದ ಕೇಳುತ್ತಿದ್ದೇನೆ. ಮದುವೆ ಇರಲಿ, ಮಣ್ಣು ಇರಲಿ, ಮೊದಲು ಬರುವುದು ಈ ಮಾತು, ಆಮೇಲೆ ಚಹಾ. ಚಹಾ ಕುಡಿದ ಮೇಲೆ ನಾವು ಎಂದವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಅದಕ್ಕೇ ಈ ಸಲ ಒಬ್ಬೊಬ್ಬರನ್ನೇ ಹಿಡಿದು ಕೇಳುವುದು ಎಂದು ನಿಶ್ಚಯಿಸಿದೆ.

ಮೊದಲು ಅತ್ತೆ. ಅವರು ಎರಡೂ ಮೊಣಕಾಲು ಹಿಡಿದುಕೊಂಡು ಹೇಳಿದರು: “ನಾ ಎಲ್ಲಿ ಹೋಗಲೇ ಯವ್ವಾ? ದವಾಖಾನಿ ಪಾವಟಗಿ ಹತ್ತಾಕ ನನ್ನ ಕೈಲಿ ಆಗತೈತೇನ? ನಾ ಮನ್ಯಾಗ ಇರತೀನಿ. ಹುಡುಗೋರ ಕಾಳಜಿ ಬಿಡು.” 

ಆಮೇಲೆ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಅಂಗಳ, ಒಲೆ ಬೇರೆ. “ನನ್ನ ಎಮ್ಮಿ ಇಂದ ನಾಳೆ ಈಯೂವಂಗ ಐತಿ. ನಾ ಅಂಗಳ ಬಿಟ್ಟ ಅಲ್ಲಾಡೂ ಹಂಗಿಲ್ಲ. ನಿನ್ನ ಮಕ್ಕಳೇನ ನನಗ ಬ್ಯಾರೇನ?” ಎಂದಳು. 

ಮೂರನೆಯವಳು ಕಾಗವಾಡಕ್ಕೆ ಕೊಟ್ಟ ನಾದಿನಿ. ಅವರದು ದ್ರಾಕ್ಷಿ ತೋಟ, ಅದು ಕಟಾವಿನ ಸಮಯ. ಆದರೂ ಫೋನಿನಲ್ಲಿ ಗಟ್ಟಿಯಾಗಿ ಹೇಳಿದಳು: “ವೈನಿ, ದ್ರಾಕ್ಷಿ ಹಾಳಾಗಿ ಹೋಗ್ಲಿ. ಸೋಮವಾರ ಹತ್ತಕ್ಕ ನಾ ನಿಮ್ಮ ಮನ್ಯಾಗ.” 

ನನ್ನ ಅವ್ವ ತೆಲಸಂಗದಿಂದ ನೇರ ಅಥಣಿಗೆ ಬಂದು ಆಸ್ಪತ್ರೆಯಲ್ಲಿ ನನ್ನ ಹತ್ತಿರ ಇರುವುದೆಂದು ಠರಾವಾಯಿತು.

ಇನ್ನು ಗಂಡ. “ನಾ ಅದೀನಲ್ಲ” ಎಂದರು. ಎಂದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಾ, ಹಿರೇದು ಈಗ ಎರಡನೇತ್ತೆನೋ ಮೂರನೇತ್ತೆನೋ?” ಎಂದು ಕೇಳಿದರು. ಅವರನ್ನು ನಾನು ಪಟ್ಟಿಯಲ್ಲಿ ಸೇರಿಸಲಿಲ್ಲ.

ಪಟ್ಟಿ ಎಂದೆನಲ್ಲ, ಅದರ ಕಥೆ ಹೇಳಬೇಕು. ನಾನು ಮದುವೆಗೆ ಮುಂಚೆ ಬಿ.ಎಡ್. ಮಾಡಿದವಳು. ಆ ಪ್ರಮಾಣಪತ್ರ ಕಪಾಟಿನಲ್ಲಿ ರೇಶ್ಮೆ ಸೀರೆಗಳ ಅಡಿಯಲ್ಲಿದೆ, ಅದರಿಂದ ಸೀರೆಗೆ ಮಡಿಕೆ ಬೀಳುವುದಿಲ್ಲ, ಅಷ್ಟೇ ಅದರ ಉಪಯೋಗ. ಪಾಠಯೋಜನೆ ಬರೆಯುವ ಚಟ ಮಾತ್ರ ಉಳಿದಿದೆ. ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದೆ. ಬೆಳಿಗ್ಗೆ ಎದ್ದದ್ದರಿಂದ ಹತ್ತು ಗಂಟೆ ತನಕ ಅತ್ತೆ: ಜಡೆ, ನಾಷ್ಟಾ, ಶಾಲೆಗೆ ಕಳಿಸುವುದು. ಒಂದು ಗಂಟೆಗೆ ಕಿರಿಯಳನ್ನು ಅಂಗನವಾಡಿಯಿಂದ ತರುವುದು ನಾದಿನಿ. ನಾಲ್ಕೂವರೆಗೆ ಹಿರಿಯಳು ಬಂದ ಮೇಲೆ ನೆಗೆಣ್ಣಿ. ಷರಾ ಎಂಬ ಒಂದು ಕಾಲಂ ಕೂಡ ಇತ್ತು. ಕಿರಿಯಳು ರೊಟ್ಟಿಯನ್ನು ಹಾಲಿನಲ್ಲಿ ಚೂರು ಮಾಡಿ ಹಾಕಿದರೆ ಮಾತ್ರ ತಿನ್ನುತ್ತಾಳೆ. ಮಲಗುವಾಗ ಯಾರದಾದರೂ ಕಿವಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಬಾವಿಯ ಕಡೆ ಬಿಡಬಾರದು. ಇದಕ್ಕೆ ಮಾತ್ರ ಕೆಂಪು ಮಸಿ.

ಅಡಿಗೆಮನೆಯ ಬಾಗಿಲ ಪಕ್ಕ ಅಂಟಿಸಿದೆ. ಎಲ್ಲರಿಗೂ ಸಿಟ್ಟು ಬಂತು. ಅತ್ತೆಯವರ ಸಿಟ್ಟು ಸರಳ. “ಪಂಚಾಯ್ತಿ ನೋಟೀಸ ಹಚ್ಚಿದಂಗ ಹಚ್ಚಿ ಅಲ್ಲಬೇ. ನಾಕ ಮಕ್ಕಳನ ಹಡದ ಸಾಕೇನಿ, ಒಂದಕ್ಕರ ಕಾಗದಾ ಬರದೀನೇನ?” ನೆಗೆಣ್ಣಿಯದು ತಿಳಿಯಲು ಎರಡು ದಿನ ಹಿಡಿಯಿತು. ತನಗೆ ಕೆಲಸ ಜಾಸ್ತಿ ಬಂತೆಂದು ಸಿಟ್ಟೇನೋ ಎಂದು ನಾನು ಅವಳ ಪಾಲಿನಿಂದ ಒಂದು ಗಂಟೆ ಕಡಿಮೆ ಮಾಡಿದೆ. ಮುಖ ಇನ್ನೂ ದಪ್ಪಗಾಯಿತು. ಕಡೆಗೆ ಗೊತ್ತಾದದ್ದೇನೆಂದರೆ, ಕಾಗವಾಡದಿಂದ ಬರುವವಳಿಗೆ ನಾನು ಹೆಚ್ಚು ತಾಸು ಕೊಟ್ಟು, ಒಂದೇ ಅಂಗಳದಲ್ಲಿರುವ ತನಗೆ ಕಡಿಮೆ ಕೊಟ್ಟೆ ಎಂಬ ಅವಮಾನ. ಸರಿ, ರಬ್ಬರು ತಗೊಂಡು ಇಬ್ಬರಿಗೂ ಸಮ ಮಾಡಿದೆ.

ಪಟ್ಟಿಯನ್ನು ಸಿಟ್ಟಿಲ್ಲದೆ ಓದಿದವಳು ಹಿರಿಮಗಳು ಒಬ್ಬಳೇ. ಬೆರಳಿಟ್ಟು ಮೇಲಿಂದ ಕೆಳಗೆ ಓದಿ ಕೇಳಿದಳು: “ಇದರಾಗ ನನ್ನ ಹೆಸರ ಎಲ್ಲೈತಿ?”

“ನಿನ್ನ ನೋಡಕೊಳ್ಳಾಕ ಪಟ್ಟಿ ಮಾಡೇನಿ. ನಿನ್ನ ಹೆಸರ ಯಾಕ ಇರತೈತಿ?” ಎಂದೆ.

“ನಾನೂ ಒಂದ ತಾಸ ನೋಡಕೋತೀನಿ, ಬರಿ” ಎಂದು ಮುಖ ಸಣ್ಣ ಮಾಡಿದಳು. ನಾನು ನಕ್ಕು ಗಲ್ಲ ಹಿಂಡಿ ಕಳಿಸಿದೆ.

ನನ್ನ ಈ ಧೈರ್ಯಕ್ಕೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಕಿರಿಯಳು ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ. ಆಗ ಹಿರಿಯಳಿಗೆ ನಾಲ್ಕು ವರ್ಷ. ಆ ಐದು ದಿನ ಅವಳನ್ನು ಮನೆಯವರು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದರು. ಅತ್ತೆ ಮನೆ ಬಿಟ್ಟು ಕದಲಲಿಲ್ಲ, ನೆಗೆಣ್ಣಿ ಅಂಗಳ ಬಿಟ್ಟು ಕದಲಲಿಲ್ಲ, ನಾದಿನಿ ಕಾಗವಾಡದಿಂದ ಬಂದವಳು ಮಗುವಿನ ಬಗಲಿನಿಂದ ಕದಲಲಿಲ್ಲ. ಆಸ್ಪತ್ರೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ ಗೋಡೆ ನೋಡುತ್ತ ಕೂತಿದ್ದೆವು. ಎಂಥ ಒಳ್ಳೆಯ ಜನ ಎಂದು ಆಗ ನನಗೆ ಕಣ್ಣು ತುಂಬಿ ಬಂದಿತ್ತು. ಅವರೆಲ್ಲ ಯಾಕೆ ಕದಲಲಿಲ್ಲ ಎಂದು ಯೋಚಿಸುವ ಬುದ್ಧಿ ಮಾತ್ರ ಬರಲಿಲ್ಲ.

ಆಸ್ಪತ್ರೆಯವರು ಮೊದಲು ಕೊಟ್ಟ ದಿನ ಅಮಾವಾಸ್ಯೆ. ಅತ್ತೆ ಒಪ್ಪಲಿಲ್ಲ. ಪಂಚಾಂಗ ಬಂತು, ಸ್ವಾಮಿಗಳಿಗೆ ಫೋನು ಹೋಯಿತು, ಕಾಗವಾಡದವರ ಅಭಿಪ್ರಾಯ ಬಂತು, ಎರಡು ದಿನ ಸಭೆ ನಡೆದು ಸೋಮವಾರ ಹತ್ತು ಗಂಟೆ ಎಂದು ತೀರ್ಮಾನವಾಯಿತು. ಚಿಂಚಲಿಯ ಮಾಯಕ್ಕನಿಗೆ ಹರಕೆ ಮೊದಲೇ ಹೋಗಿತ್ತು. ಏನು ಹರಕೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಇನ್ನೂ ಹುಟ್ಟದ ಕೂಸಿನ ಗಳಿಗೆಗೆ ಎರಡು ದಿನ ಕೊಟ್ಟವರು ಹುಟ್ಟಿ ಓಡಾಡುತ್ತಿದ್ದ ಮಕ್ಕಳ ಊಟದ ಬಗ್ಗೆ ಎರಡು ನಿಮಿಷ ಗೋಡೆಯ ಮುಂದೆ ನಿಲ್ಲಲಿಲ್ಲ.

ಆ ವಾರವೇ ನಮ್ಮ ಹೊಲದಲ್ಲಿ ಕುರಿ ಬಂದು ಇಳಿದವು. ಕಬ್ಬು ಕಡಿದು ಹೋದ ಮೇಲೆ ಗೊಬ್ಬರಕ್ಕೆಂದು ಕುರಿ ಹಿಂಡನ್ನು ಹೊಲದಲ್ಲಿ ತರುಬಿಸುತ್ತಾರೆ. ಕುರಿಯವರು ಹತ್ತು ಹದಿನೈದು ದಿನ ಅಲ್ಲೇ ಡೇರೆ ಹಾಕಿಕೊಂಡು ಇರುತ್ತಾರೆ. ನನ್ನ ಮಕ್ಕಳಿಗೆ ಮರಿ ಎತ್ತಿಕೊಳ್ಳುವ ಹುಚ್ಚು. “ಆ ಕುರಿ ನಾತದಾಗ ಹೋದ್ರ ಕಾಲ ಮುರೀತೀನಿ” ಎಂದು ಅತ್ತೆ ಹೆದರಿಸಿದ್ದರು. ಒಂದು ದಿನ ಮಕ್ಕಳನ್ನು ಕರೆತರಲು ನಾನೇ ಹೋದಾಗ ಕುರಿಯವಳು ಡೇರೆಯ ಬಾಗಿಲಲ್ಲಿ ಎರಡು ತಿಂಗಳ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವಳ ಬೆನ್ನಿಗೆ ಇನ್ನಿಬ್ಬರು ಹೆಣ್ಣುಮಕ್ಕಳು ಆತುಕೊಂಡಿದ್ದರು. ರಾಯಬಾಗದ ಸರಕಾರಿ ದವಾಖಾನೆಯಲ್ಲಿ ಹಡೆದು, ಎಂಟನೇ ದಿನಕ್ಕೆ ಹಿಂಡಿನ ಹಿಂದೆ ಹೊರಟವಳು.

“ನೀ ದವಾಖಾನ್ಯಾಗ ಇದ್ದಾಗ ಈ ಇಬ್ಬರನ್ನ ಯಾರ ನೋಡಕೊಂಡ್ರು?” ಎಂದು ಕೇಳಿದೆ.

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಎನಿಸಿತು. “ಯಾರ ನೋಡತಾರ್ರಿ ಅಕ್ಕಾರ? ಕುರಿ ಜೋಡಿ ಅವೂ ಇದ್ವು. ಮರಿಗೆ ಕಣ್ಣ ಇಟ್ಟವರು ಮಕ್ಕಳಿಗೆ ಇಡೂದಿಲ್ಲೇನ?”

ಪಾಪ ಎನಿಸಿತು ನನಗೆ. ಯಾರೂ ದಿಕ್ಕಿಲ್ಲದ ಬಾಳು. ನನಗಾದರೆ ಡ್ರಾಯಿಂಗ್ ಹಾಳೆ ತುಂಬ ಜನ. ಆ ದಿನ ಅವಳಿಗೆ ಒಂದು ತಟ್ಟೆ ಗೋಧಿಹುಗ್ಗಿ ಕಳಿಸಿದೆ, ದೊಡ್ಡ ಉಪಕಾರ ಮಾಡಿದವಳ ಹಾಗೆ.

ಸೋಮವಾರ ಬಂತು. ಕಿರಿಯಳು ನಿದ್ದೆಗಣ್ಣಿನಲ್ಲಿ ನನ್ನ ಕಿವಿ ಬಿಡಲು ಒಪ್ಪಲಿಲ್ಲ. ಹಿರಿಯಳು ಅವಳ ಬೆರಳು ಒಂದೊಂದೇ ಬಿಡಿಸಿ ತನ್ನ ಕಿವಿಗೆ ಹಚ್ಚಿಕೊಂಡಳು. ಅತ್ತೆ ಹೊಸ್ತಿಲಲ್ಲಿ ಮೊಣಕಾಲು ಒತ್ತಿಕೊಳ್ಳುತ್ತ ನಿಂತಿದ್ದರು. ನಾನು ಕಾರಿನಲ್ಲಿ ಕೂತು ಹಿಂದಿರುಗಿ ನೋಡಿದೆ. ಎಲ್ಲ ನನ್ನ ಪಟ್ಟಿಯ ಪ್ರಕಾರವೇ ಇತ್ತು.

ಗಂಡಾದರೂ ಹೆಣ್ಣಾದರೂ ಇದೇ ಕಡೆಯದು ಎಂದು ನಾನು ಮಕ್ಕಳಾಗದ ಆಪರೇಶನ್ನಿಗೆ ಮೊದಲೇ ಸಹಿ ಹಾಕಿದ್ದೆ. ಇವರು, “ಕೂಸ ನೋಡಿ ಹೇಳತೀವ್ರಿ” ಎಂದು ಬಾಯಿ ತೆಗೆದರು. ಡಾಕ್ಟರಮ್ಮ ಕನ್ನಡಕದ ಮೇಲಿಂದ ಒಮ್ಮೆ ನೋಡಿದಳು, ಇವರು ಚಪ್ಪಲಿ ಹುಡುಕುವವರಂತೆ ಕೆಳಗೆ ಬಗ್ಗಿದರು. ಬೆನ್ನಿಗೆ ಸೂಜಿ ಹಾಕಿದರು, ಕಾಲು ನನ್ನವಲ್ಲ ಎನ್ನುವಂತಾದವು. ಹತ್ತೂವರೆಗೆ ಕೂಸು ಅತ್ತಿತು. ನರ್ಸು ಬಟ್ಟೆಯಲ್ಲಿ ಸುತ್ತಿ ನನ್ನ ಮುಖದ ಹತ್ತಿರ ತಂದು, “ಗಂಡ ಐತ್ರಿ” ಎಂದಳು. ಕೂಸು ಕೆಂಪಗಿತ್ತು, ಮೂಗು ಥೇಟ್ ಕಿರಿಯಳದೇ. ಅದನ್ನು ನೋಡಿದ ಕೂಡಲೆ ನನಗೆ ಅವಳ ನೆನಪಾಗಿ, ಈಗ ಅಂಗನವಾಡಿಯಲ್ಲಿ ಪದ್ಯ ಹೇಳುತ್ತಿರಬೇಕು ಎಂದುಕೊಂಡೆ.

ಹೊರಗೆ ಇವರು ಫೋನು ಹಚ್ಚಿದರು. ಮೊದಲನೆಯ ಫೋನು ಅತ್ತೆಗೆ.

ಮಧ್ಯಾಹ್ನ ಹನ್ನೆರಡಕ್ಕೆ ನನ್ನನ್ನು ಎರಡನೇ ಮಹಡಿಯ ವಾರ್ಡಿಗೆ ತಂದರು. ಅವ್ವ ಕೂಸನ್ನು ಎತ್ತಿಕೊಂಡು ಕೂತಿದ್ದಳು. ಇವರು ನನ್ನ ಫೋನನ್ನೂ ಕಿಸೆಯಲ್ಲಿಟ್ಟುಕೊಂಡು ಪೇಡೆ ತರಲು ಪ್ಯಾಟಿಗೆ ಹೋಗಿದ್ದರು. ನಾನು ಕಣ್ಣು ಮುಚ್ಚಿದ್ದೆ. ಬಾಗಿಲ ಕಡೆ ಏದುಸಿರು ಕೇಳಿ ಕಣ್ಣು ತೆರೆದರೆ ಅತ್ತೆ.

ಮೊಣಕಾಲಿನ ಅತ್ತೆ. ಲಿಫ್ಟಿಗೆ ಕಾಯುವಷ್ಟು ಸಹನೆಯೂ ಇರದೆ ಎರಡು ಮಹಡಿ ಪಾವಟಿಗೆ ಹತ್ತಿ ಬಂದಿದ್ದರು. ತಲೆತುಂಬ ಸೆರಗು, ಕೈಯಲ್ಲಿ ಮಾಯಕ್ಕನ ಭಂಡಾರದ, ಅಂದರೆ ಅರಿಸಿನದ, ಪುಡಿಕೆ. ನನ್ನ ಕಡೆ ನೋಡದೆ ಸೀದಾ ಕೂಸಿನ ಕಡೆ ನಡೆದು ಬಟ್ಟೆ ಸರಿಸಿ ಖಾತ್ರಿ ಮಾಡಿಕೊಂಡರು. ಆಮೇಲೆ ಹಣೆಗೆ ಭಂಡಾರ ಹಚ್ಚಿದರು, ಆಮೇಲೆ ಅತ್ತರು. ನಿಜವಾಗಿ ಅತ್ತರು, ಅದನ್ನು ನಾನು ಹಾಸ್ಯ ಮಾಡಲಾರೆ. ನಾನೂ ಅಂದುಕೊಂಡೆ, ಹೋಗಲಿ, ನಾದಿನಿ ಹತ್ತಕ್ಕೆ ಬಂದಿರುತ್ತಾಳೆ, ಮನೆ ಅವಳ ಕೈಗೆ ಕೊಟ್ಟು ಬಂದಿದ್ದಾರೆ.

ಒಂದೂವರೆಗೆ ನಾದಿನಿ ಬಂದಳು. ದ್ರಾಕ್ಷಿಯ ಬುಟ್ಟಿ ಸಮೇತ. “ವೈನೀ, ಹೊರಡೂದ ತಡಾ ಆತು, ದಾರ್ಯಾಗ ಇದ್ದಾಗ ಅಣ್ಣನ ಫೋನ ಬಂತು. ಇನ್ನ ಮನಿಗೆ ಹೋಗಿ ಏನ ಮಾಡ್ಲಿ ಅಂತ ಗಾಡಿ ಸೀದಾ ಈ ಕಡೆ ತಿರುವಿಸಿದೆ!”

ಅಂದರೆ ಮನೆಯಲ್ಲಿ ಅತ್ತೆಯೂ ಇಲ್ಲ, ನಾದಿನಿಯೂ ಇಲ್ಲ. ಆದರೂ ಲೆಕ್ಕ ಹಾಕಿದೆ: ನೆಗೆಣ್ಣಿ ಇದ್ದಾಳೆ. ಎಮ್ಮೆ ಈಯುವುದಿದೆ. ಅವಳು ಅಂಗಳ ಬಿಡುವುದಿಲ್ಲ.

ಎರಡೂವರೆಗೆ ವಾರ್ಡಿನ ಬಾಗಿಲು ತುಂಬಿತು. ಒಂದು ಕ್ರೂಜರ್ ಗಾಡಿ ತುಂಬ ನಮ್ಮ ತೋಟದ ಸಾಲಿನ ಹೆಂಗಸರು ಬಂದಿಳಿದಿದ್ದರು. ಎಲ್ಲರ ಕೈಯಲ್ಲೂ ಬುತ್ತಿ. ನಮ್ಮಲ್ಲಿ ಗಂಡು ಹುಟ್ಟಿದ ದಿನ ಮುಖ ನೋಡಲು ಬರದಿದ್ದರೆ ಹೊಟ್ಟೆಕಿಚ್ಚು ಎಂದೇ ಅರ್ಥ. ಜೀವಮಾನವಿಡೀ ಆ ಮಾತು ಕೇಳಬೇಕು. ಗುಂಪಿನ ನಡುವಿನಿಂದ, ಹೊಸ ಸೀರೆ ಉಟ್ಟು, ನನ್ನ ನೆಗೆಣ್ಣಿ ಮುಂದೆ ಬಂದಳು.

“ಎಮ್ಮಿ?” ಎಂದೆ. ಯಾಕೆ ಎಮ್ಮೆಯನ್ನು ಕೇಳಿದೆನೋ ಗೊತ್ತಿಲ್ಲ. ಮಕ್ಕಳನ್ನು ಕೇಳಲು ನಾಲಿಗೆ ಹೆದರಿತ್ತು.

“ಎಮ್ಮಿ ಹಡೀತೈತಿ ಬಿಡು, ಅದಕ್ಕೇನ ಡಾಕ್ಟರ ಬೇಕ?” ಎಂದು ನಕ್ಕಳು.

“ಮಕ್ಕಳ ಎಲ್ಲದಾವ?”

ನೆಗೆಣ್ಣಿ ನಾದಿನಿಯನ್ನು ನೋಡಿದಳು. “ನೀ ಹತ್ತಕ್ಕ ಬರೂದಿತ್ತಲ್ಲ?” ನಾದಿನಿ ಅತ್ತೆಯನ್ನು ನೋಡಿದಳು. “ಅವ್ವ ಮನ್ಯಾಗ ಅದಾಳಂತ ನಾ...” ಅತ್ತೆ ನೆಗೆಣ್ಣಿಯನ್ನು ನೋಡಿದರು. “ನಿನ್ನ ಎಮ್ಮಿ ಐತಿ, ನೀ ಎಲ್ಲೂ ಹೋಗೂದಿಲ್ಲಂತ ಕೀಲಿ ಹಾಕ್ಕೊಂಡ ಬಂದೆ.” ಅತ್ತೆಯವರ ಟೊಂಕದಲ್ಲಿ ನಮ್ಮ ಮನೆಯ ಕೀಲಿಕೈ ನೇತಾಡುತ್ತಿತ್ತು.

ಪೂರ್ತಿ ಪಟ್ಟಿ ನನ್ನ ಮಂಚದ ಸುತ್ತ ನಿಂತಿತ್ತು. ಒಬ್ಬರೂ ಗೈರುಹಾಜರಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಅತ್ತೆ ಗಾಬರಿಯಲ್ಲಿ ನೆಗೆಣ್ಣಿಗೆ ಫೋನು ಹಚ್ಚಿದರು. ಪಕ್ಕದಲ್ಲೇ ನಿಂತಿದ್ದ ನೆಗೆಣ್ಣಿಯ ಚೀಲದಲ್ಲಿ ಭಕ್ತಿಗೀತೆ ಮೊಳಗಿತು. ನೆರೆಮನೆಯವಳಿಗೆ ಹಚ್ಚಿ ಎಂದರೆ ನೆರೆಮನೆಯವಳು ಬಾಗಿಲ ಹತ್ತಿರ ಕೂಸಿನ ಮೂಗು ಯಾರ ಹಾಗಿದೆ ಎಂದು ವಾದಿಸುತ್ತಿದ್ದಳು. ತೋಟದ ಸಾಲಿನಲ್ಲಿ ನಾವು ಯಾರ ನಂಬರು ಬಲ್ಲೆವೋ ಅವರೆಲ್ಲ ಈ ವಾರ್ಡಿನಲ್ಲಿದ್ದರು. ಶಾಲೆಯ ಮಾಸ್ತರರ ನಂಬರು ನನ್ನ ಫೋನಿನಲ್ಲಿತ್ತು, ಫೋನು ಇವರ ಕಿಸೆಯಲ್ಲಿತ್ತು, ಇವರು ಪೇಡೆಯ ಅಂಗಡಿಯಲ್ಲಿದ್ದರು. ನಾದಿನಿ ಇವರ ನಂಬರಿಗೆ ಹಚ್ಚಿದಳು, ಎಂಗೇಜು, ನನ್ನದಕ್ಕೆ ಹಚ್ಚಿದಳು, ಎತ್ತುವವರಿಲ್ಲ, ಇವರದು ಮತ್ತೆ ಎಂಗೇಜು. ಮಗ ಹುಟ್ಟಿದ ಸುದ್ದಿಯನ್ನು ಚಿಕ್ಕೋಡಿಗೆ, ನಿಪ್ಪಾಣಿಗೆ ಎಲ್ಲ ಮುಟ್ಟಿಸುವುದಿತ್ತಲ್ಲ.

ಒಂದು ಗಂಟೆಗೆ ಅಂಗನವಾಡಿ ಬಿಟ್ಟಿದೆ. ಈಗ ಎರಡೂವರೆ. ನನಗೆ ಕಣ್ಣ ಮುಂದೆ ಬಾವಿ ಬಂತು. ಕೆಂಪು ಮಸಿಯಲ್ಲಿ ಬರೆದಿದ್ದೆನಲ್ಲ, ನಾಲ್ಕು ವರ್ಷದವಳಿಗೆ ಓದಲು ಎಲ್ಲಿ ಬರುತ್ತದೆ? ಆಮೇಲೆ ಟ್ರ್ಯಾಕ್ಟರು ಬಂತು. ಎದ್ದು ಹೋಗೋಣವೆಂದರೆ ಸೊಂಟದ ಕೆಳಗೆ ನಾನೇ ಇರಲಿಲ್ಲ. ಮೊಣಕೈ ಊರಿ ಏಳಲು ಹೋದೆ. ಅವ್ವ ಒತ್ತಿ ಹಿಡಿದಳು. ಆಗ ನಾನು ಕೂಗಿದೆ. ಮನೆಗೆ ಬಂದ ಹತ್ತು ವರ್ಷದಲ್ಲಿ ಅತ್ತೆಯ ಮುಂದೆ ಎತ್ತದ ದನಿ ಎತ್ತಿದೆ. “ಹೆಣ್ಣ ಹುಟ್ಟಿದ್ರ ಒಬ್ಬರೂ ಬರತಿದ್ದಿಲ್ಲ ನೀವು! ನನ್ನ ಮಕ್ಕಳ ಚೊಲೋತ್ನಂಗ ಮನ್ಯಾಗ ಇರತಿದ್ವು!”

ಬಾಗಿಲ ಹತ್ತಿರದ ಮೂಗಿನ ವಾದ ನಿಂತಿತು. ಹೇಳಿದ ಮೇಲೆಯೇ ಆ ಮಾತು ನನಗೂ ಅರ್ಥವಾದದ್ದು. ಕಿರಿಯಳು ಹುಟ್ಟಿದಾಗ ಇವರೆಲ್ಲ ಯಾಕೆ ಮನೆ ಬಿಟ್ಟು ಕದಲಲಿಲ್ಲ ಎಂದು ನಾಲ್ಕು ವರ್ಷದ ಮೇಲೆ ನನಗೆ ಹೊಳೆದಿತ್ತು. ಬಿ.ಎಡ್. ಮಾಡಿದವಳು, ಒಂದು ಸಲದ ಅನುಭವದ ಮೇಲೆ ಇಡೀ ಪಾಠಯೋಜನೆ ಬರೆದಿದ್ದೆ. ಮೂರನೆಯದೂ ಹೆಣ್ಣಾಗಿದ್ದರೆ ಅದು ನೂರಕ್ಕೆ ನೂರು ಯಶಸ್ವಿಯಾಗುತ್ತಿತ್ತು.

ಅಷ್ಟರಲ್ಲಿ ಇವರು ಎರಡು ಕೈಯಲ್ಲೂ ಪೇಡೆಯ ಡಬ್ಬಿ ಹಿಡಿದುಕೊಂಡು ನಗುತ್ತ ಒಳಗೆ ಬಂದರು. ಒಳಗಿನ ಮುಖಗಳನ್ನು ನೋಡಿ ನಗುವನ್ನು ಎಲ್ಲಿಡಬೇಕೋ ತಿಳಿಯದೆ, ನನ್ನ ಫೋನು ತೆಗೆದು ಮಂಚದ ಮೇಲೆ ಇಟ್ಟರು. “ತಗೋ, ಯಾವುದೋ ಹೊಸಾ ನಂಬರ್ಲೆ ಹತ್ತ ಸಲ ಬಂದೈತಿ. ಕಂಪನಿ ಫೋನ ಇರಬೇಕಂತ ಎತ್ತಲಿಲ್ಲ.”

ನಾನು ಏನಾದರೂ ಎಸೆಯುತ್ತಿದ್ದೆ. ಕೈಗೆ ಸಿಕ್ಕದ್ದು ಫೋನೊಂದೇ, ಅದೇ ಹೊತ್ತಿಗೆ ಅದು ಹನ್ನೊಂದನೇ ಸಲ ಬಡಿದುಕೊಂಡಿತು.

“ಅವ್ವಾ?” ಹಿರಿಯಳ ದನಿ. ಹಿಂದೆ ಕುರಿಗಳ ಸದ್ದು.

“ಎಲ್ಲದೀಯವ್ವಾ? ತಂಗಿ ಎಲ್ಲದಾಳ?”

“ಕುರಿ ಹಂತ್ಯಾಕ ಅದೀವಿ. ತಂಗಿ ಮಲಗ್ಯಾಳ.” ದನಿ ಸಣ್ಣಗೆ ಮಾಡಿ ಹೇಳಿದಳು. “ನಾ ಜೋರ ಮಾತಾಡಂಗಿಲ್ಲ. ನನ್ನ ಕಿವಿ ಹಿಡಕೊಂಡಾಳ.”

ಅವಳು ತುಂಡು ತುಂಡಾಗಿ ಹೇಳಿದ್ದನ್ನು ನಾನು ಜೋಡಿಸಿಕೊಂಡೆ. ಊಟದ ಬಿಡುವಿನಲ್ಲಿ ನೋಡಿದರೆ ತಂಗಿ ಅಂಗನವಾಡಿಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಾಳೆ, ಕರೆಯಲು ಯಾರೂ ಬಂದಿಲ್ಲ. ಮಾಸ್ತರರಿಗೆ ಹೊಟ್ಟೆನೋವು ಎಂದು ಸುಳ್ಳು ಹೇಳಿ ಚೀಲ ಹೆಗಲಿಗೆ ಹಾಕಿಕೊಂಡು ಅವಳನ್ನು ಕರೆದುಕೊಂಡು ಹೊರಟಿದ್ದಾಳೆ. ದಾರಿಯಲ್ಲಿ ಟ್ರ್ಯಾಕ್ಟರು ಬಂದಾಗ ತಂಗಿಯನ್ನು ಗಟಾರದ ಆಚೆ ನಿಲ್ಲಿಸಿ, ತಾನು ಈಚೆ ನಿಂತಿದ್ದಾಳೆ. ಮನೆಗೆ ಕೀಲಿ. ದೊಡ್ಡವ್ವನ ಮನೆಗೂ ಕೀಲಿ. ಎಮ್ಮೆ ಕರು ಹಾಕಿ ನಿಂತಿದೆ, ಅಲ್ಲೂ ಯಾರೂ ಇಲ್ಲ. ಬಾವಿಯ ಕಡೆಯ ದಾರಿ ಬಿಟ್ಟು, ಹೊಲ ಸುತ್ತಿ ಕುರಿಯ ಡೇರೆಗೆ ಹೋಗಿದ್ದಾಳೆ. ನನ್ನ ನಂಬರು ಅವಳಿಗೆ ಬಾಯಿಪಾಠ.

“ರೊಟ್ಟಿ ಹಾಲಾಗ ಚೂರ ಮಾಡಿ ಹಾಕೇನಿ. ಕುರಿ ಹಾಲು. ತಿಂದ್ಲು. ಅವ್ವಾ, ನಿನಗ ಭಾಳ ನೋವಾತೇನ?”

ಆ ದಿನ ಆ ಪ್ರಶ್ನೆಯನ್ನು ಕೇಳಿದವಳು ಅವಳೊಬ್ಬಳೇ. ಅಷ್ಟರಲ್ಲಿ ಮಕ್ಕಳು ಸಿಕ್ಕವು ಎಂದು ಜೀವ ಬಂದ ನಾದಿನಿ ಫೋನಿನ ಹತ್ತಿರ ಬಗ್ಗಿ ಕೂಗಿದಳು: “ಏ, ನಿನಗ ತಮ್ಮ ಹುಟ್ಯಾನ! ತಮ್ಮ!”

ಹಿರಿಯಳು ಕೇಳಿದಳು: “ಅವನ್ನೂ ನಾನ ನೋಡಕೋಬೇಕೇನ ಅವ್ವಾ?”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕೆಲಸ ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳುವ ದನಿ. ಎಂಟು ವರ್ಷಕ್ಕೆ ಅವಳಿಗೆ ನಮ್ಮ ಮನೆಯ ಶಾಸ್ತ್ರ ತಿಳಿದುಬಿಟ್ಟಿತ್ತು.

“ಇಲ್ಲ” ಎಂದೆ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದೆ. “ಇಲ್ಲಬೇ. ನೀ ನೋಡಕೊಳ್ಳೂದಿಲ್ಲ.”

ಕುರಿಯವಳು ಫೋನು ತಗೊಂಡು, “ಅಕ್ಕಾರ, ಕಾಳಜಿ ಮಾಡಬ್ಯಾಡ್ರಿ. ಮೂರ ಇದ್ದಲ್ಲಿ ಐದು. ಸಾವಕಾಶ ಬರ್ರಿ” ಎಂದಳು. ನಾನು ಪಾಪ ಎಂದುಕೊಂಡು ಹುಗ್ಗಿ ಕಳಿಸಿದ್ದ ಹೆಂಗಸು. ಅವಳನ್ನು ನಾನು ಯಾವ ಕಾಲಮ್ಮಿನಲ್ಲೂ ಬರೆದಿರಲಿಲ್ಲ.

ಇವರನ್ನು ಆ ಕ್ಷಣವೇ ಮನೆಗೆ ಓಡಿಸಿದೆ, ಪೇಡೆ ಬೇರೆಯವರು ಹಂಚಲಿ ಎಂದೆ. ಕ್ರೂಜರ್ ಕೂಡ ಖಾಲಿಯಾಯಿತು. ಉಳಿದ ನಾಲ್ಕು ದಿನ ಮನೆಯಲ್ಲಿ ನನ್ನ ಹೆಣ್ಣುಮಕ್ಕಳಿಗೆ ಆದ ಸೇವೆ ಯಾವ ದೇವರಿಗೂ ಆಗಿರಲಿಕ್ಕಿಲ್ಲ. ಒಬ್ಬಳಿಗೆ ಮೂರು ಜನ ಊಟ ಮಾಡಿಸುತ್ತಿದ್ದರಂತೆ. ಅತ್ತೆ ಮಾತ್ರ ಆ ದಿನದ ಬಗ್ಗೆ ಒಂದೇ ಮಾತು ಆಡಿದರು: “ತಪ್ಪ ಆ ಕಾಗದದ್ದು. ಬರದ ಹಚ್ಚಿದ್ದಕ್ಕ ಎಲ್ಲಾರೂ ಇನ್ನೊಬ್ಬರು ಅದಾರಂತ ತಿಳಕೊಂಡ್ರು.” ಅದರಲ್ಲಿ ಸ್ವಲ್ಪ ನಿಜವಿತ್ತು, ಅದೇ ನನಗೆ ಸಿಟ್ಟು.

ಆರನೇ ದಿನ ಮನೆಗೆ ಬಂದೆ. ಹಿರಿಯಳ ಎಡಗಿವಿ ಇನ್ನೂ ಕೆಂಪಗಿತ್ತು. ಬಾಣಂತಿ ಮೇಲೆ ಏಳಬಾರದು, ಓದಬಾರದು, ಬರೆಯಬಾರದು ಎಂದು ಮೂವರೂ ಒಟ್ಟಿಗೆ ಹೇಳಿದರು. ನಾನು ಮಲಗಿದಲ್ಲೇ ಇನ್ನೊಂದು ಹಾಳೆ ತರಿಸಿ ಗೆರೆ ಎಳೆದೆ. ಜಡೆ, ನಾಷ್ಟಾ, ಶಾಲೆ, ಅಂಗನವಾಡಿ, ಹಾಲುರೊಟ್ಟಿ, ಕಿವಿ, ಎಲ್ಲದರ ಮುಂದೆ ಒಂದೇ ಶಬ್ದ ಬರೆದೆ: ಅಪ್ಪ. ಮೇಲಿಂದ ಕೆಳಗೆ, ಎಲ್ಲ ತಾಸಿಗೂ, ಕೆಂಪು ಮಸಿಯಲ್ಲಿ. ಅತ್ತೆ ಗಂಡಸಿಗೆ ಎಲ್ಲಿಯಾದರೂ ಜಡೆ ಹಾಕಲು ಬರುತ್ತದೆಯೇ ಎಂದರು. ಇವರು ಹಾಳೆಯನ್ನು ಬಹಳ ಹೊತ್ತು ನೋಡಿದರು. “ಮೂರನೇತ್ತೆ. ಹೌದಲ್ಲ?” ಎಂದರು. ಸೋಮವಾರ ಅವರು ಹಾಕಿದ ಜಡೆ ಶಾಲೆ ಮುಟ್ಟುವ ಮೊದಲೇ ಬಿಚ್ಚಿತು. ಅದರ ಮರುದಿನ ಶಾಲೆ ತನಕ ಬಾಳಿತು.

ಹೊಸ ಪಟ್ಟಿ ಅಂಟಿಸಿದ ಸಂಜೆ ಹಿರಿಯಳು ಅದರ ಮುಂದೆ ಹೋಗಿ ನಿಂತಳು. ಮೊದಲಿನ ಸಲದ ಹಾಗೆಯೇ ಬೆರಳಿಟ್ಟು ಒಂದೊಂದು ಸಾಲನ್ನೂ ಮೇಲಿಂದ ಕೆಳಗೆ ಓದಿದಳು. ತನ್ನ ಹೆಸರು ಎಲ್ಲಿದೆ ಎಂದು ಈ ಸಲ ಕೇಳಲಿಲ್ಲ. ಕಡೆಯ ಸಾಲಿನ ಕೆಳಗೆ ಬರಿ ಹಾಳೆ ಇತ್ತಲ್ಲ, ಅಲ್ಲಿಯೂ ಬೆರಳಾಡಿಸಿ, ಎಲ್ಲೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಕುರಿಮರಿ ನೋಡಲು ಹೊಲಕ್ಕೆ ಓಡಿದಳು.